ಸಹಾಯ ಬೇಕು: ಟರ್ಕಿಯ ಗುಲೆಟ್ ಪ್ರಯಾಣ, ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಫೆತಿಯೆಯಿಂದ ಒಲಿಂಪೋಸ್ ಕಡೆಗೆ 3 ರಾತ್ರಿ ಗುಲೆಟ್‌ನಲ್ಲಿ ಹೋಗುವ ಆಸೆ. ಗುಲೆಟ್ ಅಂದರೆ ಅಲ್ಲಿನ ಮರದ ಹಾಯಿದೋಣಿ. ಹಾಯಿ ಬಿಚ್ಚುವುದೇ ಅಪರೂಪ, ಜಾಸ್ತಿ ಎಂಜಿನ್ ಮೇಲೇ ಓಡುತ್ತದಂತೆ. ಇರಲಿ ಬಿಡಿ.

ನನ್ನ ಕಣ್ಣಿರುವುದು ಕೆಕೋವಾ ಮೇಲೆ. ಭೂಕಂಪಕ್ಕೆ ಮುಳುಗಿದ ಊರು, ನೀರೊಳಗೆ ಇಳಿದು ಹೋಗುವ ಕಲ್ಲಿನ ಮೆಟ್ಟಿಲು. ಆ ಅವಶೇಷಗಳ ಮೇಲೆ ಈಜುವ ಹಾಗಿಲ್ಲ, ಗೊತ್ತು. ಎದುರಿನ ಸಿಮೆನಾ ಕೋಟೆ ಮಾತ್ರ ಹತ್ತಲೇಬೇಕು. ಆದರೆ ಅಮ್ಮನಿಗೆ 64, ಮಂಡಿ ನೋವು. ದಾರಿ ತುಂಬಾ ಕಡಿದಾಗಿದೆಯಾ? ಗುಲೆಟ್‌ನಿಂದ ಚಿಕ್ಕ ದೋಣಿಗೆ ಇಳಿಯಲು ಏಣಿಯೇ ಗತಿಯಾ? ಕ್ಯಾಬಿನ್ ಸೆಖೆಗೆ ಜನ ಡೆಕ್ ಮೇಲೇ ಮಲಗುತ್ತಾರಂತೆ, ನಿಜವಾ? ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೊದಲೇ ಹೇಳಿದರೆ ಅಡುಗೆಯವರು ನೋಡಿಕೊಳ್ಳುತ್ತಾರಾ? ಹೋಗಿ ಬಂದವರು ದಯವಿಟ್ಟು ತಿಳಿಸಿ. ಚಟ್ನಿಪುಡಿ ಡಬ್ಬಿಯಂತೂ ಅಮ್ಮ ಆಗಲೇ ಎತ್ತಿಟ್ಟಿದ್ದಾರೆ.