ಮಳೆಯಲ್ಲಿ ನಿಂತೇ ಬಾಡುವ ಬದನೆ: ಕೈತೋಟದ ಪ್ರಶ್ನೋತ್ತರ

ಪ್ರಶ್ನೆ (ಕೋಡಿಬಾಗ, ಕಾರವಾರ): ಮನೆ ಹಿತ್ತಲಲ್ಲಿ ಒಂದೂವರೆ ಗುಂಟೆ ಜಾಗ ಉಂಟು. ಜೂನ್ ಮೊದಲ ವಾರ 18 ಬದನೆ, 10 ಟೊಮೆಟೊ ಸಸಿ ನೆಟ್ಟಿದ್ದೆ. ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಒಂದೊಂದೇ ಗಿಡ ಜೋತುಬೀಳುತ್ತಿದೆ. ಎಲೆ ಹಳದಿಯಾಗುವುದಿಲ್ಲ, ಹುಳ ಕಾಣುವುದಿಲ್ಲ. ಹಸಿರಾಗಿದ್ದ ಹಾಗೇ ಬಾಡುತ್ತದೆ. ನೀರು ಸಾಲದು ಎನ್ನೋಣವೆಂದರೆ ಹೊರಗೆ ಎಡೆಬಿಡದ ಮಳೆ. ಸಸಿ ಕೊಟ್ಟವರು 'ಬೂಷ್ಟು ಹಿಡಿದಿದೆ, ಔಷಧಿ ಹೊಡೀರಿ' ಅಂದರು. ಎರಡು ಸಲ ಹೊಡೆದೆ, ಮತ್ತೆ ಮೂರು ಗಿಡ ಹೋದವು.

ಉತ್ತರ: ಔಷಧಿ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ, ಒಂದು ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಳ್ಳಿ. ಈಗಷ್ಟೇ ಬಾಡತೊಡಗಿದ ಒಂದು ಗಿಡ ಕಿತ್ತು, ಬುಡದ ಹತ್ತಿರ ಎರಡು-ಮೂರು ಇಂಚಿನ ಕಾಂಡದ ತುಂಡು ಕೊಯ್ದು, ಕೊಯ್ದ ಬಾಯಿ ಮಾತ್ರ ನೀರಿಗೆ ತಾಗುವಂತೆ ಹಿಡಿದುಕೊಳ್ಳಿ. ಅಲುಗಾಡಿಸಬೇಡಿ. ಐದು-ಹತ್ತು ನಿಮಿಷದೊಳಗೆ ಊದಿನಕಡ್ಡಿಯ ಹೊಗೆ ತಲೆಕೆಳಗಾಗಿ ಇಳಿದ ಹಾಗೆ ಬೆಳ್ಳಗಿನ ಎಳೆ ನೀರಿಗೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಏನೂ ಇಳಿಯದಿದ್ದರೆ ಬೇರೆ ಕಾರಣ ಹುಡುಕೋಣ. ಶಿಲೀಂಧ್ರದ ಸೊರಗು ಸಾಮಾನ್ಯವಾಗಿ ಕೆಳಗಿನ ಎಲೆ ಹಳದಿ ಮಾಡುತ್ತಾ ನಿಧಾನವಾಗಿ ಮೇಲೇರುತ್ತದೆ, ನೀವು ಹೇಳಿದ ಹಾಗೆ ಹಸಿರು ಗಿಡವನ್ನು ಎರಡು ದಿನದಲ್ಲಿ ಮಲಗಿಸುವುದಿಲ್ಲ. ನೋಡಿ ತಿಳಿಸಿ.

ಕೋಡಿಬಾಗ: ನೋಡಿದೆ. ಇಳಿಯಿತು! ಹಾಲಿನ ಹನಿ ಎಳೆದ ಹಾಗೆ. ಸ್ವಲ್ಪ ಹೊತ್ತು ಬಿಟ್ಟರೆ ಲೋಟದ ನೀರೇ ಮಸುಕಾಯಿತು. ಕಾಂಡ ಸೀಳಿದರೆ ಒಳಗೆ ಕಂದು ಗೆರೆ.

ಉತ್ತರ: ಹಾಗಾದರೆ ಅನುಮಾನವಿಲ್ಲ, ರಾಲ್‌ಸ್ಟೋನಿಯಾ ಎಂಬ ದುಂಡಾಣು. ಇದು ಮಣ್ಣಿನಲ್ಲಿರುತ್ತದೆ, ಬೇರಿನ ಗಾಯದಿಂದ ಒಳಹೋಗಿ ನೀರು ಏರುವ ಕೊಳವೆಯಲ್ಲೇ ಮರಿ ಹಾಕುತ್ತದೆ. ಕೊಳವೆ ಕಟ್ಟಿಕೊಂಡ ಮೇಲೆ ಬುಡದಲ್ಲಿ ಹೊಳೆ ಹರಿದರೂ ಎಲೆಗೆ ನೀರಿಲ್ಲ. ಅದಕ್ಕೇ ಮಳೆಯಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತದೆ. ಬೂಷ್ಟಿನ ಔಷಧಿ ಎಲೆ ಮೇಲೆ ಎಷ್ಟು ಹೊಡೆದರೂ ಇದಕ್ಕೆ ತಗಲುವುದಿಲ್ಲ.

ನಮ್ಮ ಕರಾವಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸೆಕೆ, ಒದ್ದೆ ಮಣ್ಣು, ಜೊತೆಗೆ ಸಾವಿರಾರು ಮಿಲಿಮೀಟರ್ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಹುಳಿಯಾದ ಜಂಬಿಟ್ಟಿಗೆ ನೆಲ. ಸಾಲಿನಿಂದ ಸಾಲಿಗೆ ಹರಿಯುವ ನೀರು, ಗುದ್ದಲಿ, ನಿಮ್ಮ ಚಪ್ಪಲಿ, ಎಲ್ಲವೂ ಅದನ್ನು ಹೊತ್ತೊಯ್ಯುತ್ತವೆ.

ಬಾಡಿದ ಗಿಡ ಚಿಗುರುವುದಿಲ್ಲ. ಬೇರು ಸಮೇತ, ಸುತ್ತಲಿನ ಒಂದು ಬುಟ್ಟಿ ಮಣ್ಣಿನೊಂದಿಗೆ ತೆಗೆದು ಚೀಲಕ್ಕೆ ತುಂಬಿ. ಗೊಬ್ಬರಗುಂಡಿಗೆ ಮಾತ್ರ ಹಾಕಬೇಡಿ. ಉಳಿದ ಗಿಡಗಳ ಕಡೆ ನೀರು ಹರಿಯದಂತೆ ಕಾಲುವೆ ತಿರುಗಿಸಿ. ಬುಡ ಕೆದಕಬೇಡಿ.

ಪ್ರಶ್ನೆ (ಕುಮಟಾ): ಬ್ಲೀಚಿಂಗ್ ಪೌಡರ್ ಹಾಕಿದರೆ ಹೋಗುತ್ತದಂತೆ, ಹೌದೇ?

ಉತ್ತರ: ನೆಡುವ ಮೊದಲು ಮಣ್ಣಿಗೆ ಹಾಕುವ ರೂಢಿ ಇದೆ, ಮೇಲ್ಪದರದಲ್ಲಿ ಸ್ವಲ್ಪ ತಗ್ಗುತ್ತದೆ. ಬೇರಿನ ಆಳದಲ್ಲಿರುವುದಕ್ಕೆ ಮುಟ್ಟುವುದಿಲ್ಲ. ನಾನು ಅದನ್ನು ನಂಬಿ ಕೂರುವುದಿಲ್ಲ. ಅದಕ್ಕಿಂತ ಏಪ್ರಿಲ್-ಮೇ ಬಿಸಿಲು ಬಳಸಿ: ಮಡಿಯನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಆಮೇಲೆ ಚದರ ಮೀಟರಿಗೆ 75ರಿಂದ 100 ಗ್ರಾಂ ಸುಣ್ಣದ ಪುಡಿ. ಚಿಪ್ಪಿನ ಸುಣ್ಣ ಸಿಕ್ಕಿದರೆ ಅದೇ ಸಾಕು. ಸುಣ್ಣ ಹಾಕಿ ಎರಡು ವಾರ ಕಳೆದ ಮೇಲೆ ಕೊಟ್ಟಿಗೆ ಗೊಬ್ಬರ, ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ಪ್ರಶ್ನೆ (ಶಿರಸಿ): ನಮ್ಮಲ್ಲಿ ಹೋದ ವರ್ಷ ಶುಂಠಿ ಕೊಳೆತ ಜಾಗ. ಅಲ್ಲಿ ಮೆಣಸಿನಕಾಯಿ ಸಸಿ ನೆಡಬಹುದಾ?

ಉತ್ತರ: ಬೇಡ. ಶುಂಠಿಯನ್ನು ಸೊರಗಿಸುವುದೂ ಇದೇ ಗುಂಪಿನ ದುಂಡಾಣು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬದವು, ಒಂದು ಹೋದ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟರೆ ಪ್ರಯೋಜನವಿಲ್ಲ. ಬೆಂಡೆ, ಅಲಸಂದೆ, ಹರಿವೆ, ಮೊಗೆ ಹಾಕಿ.

ಕೋಡಿಬಾಗ: ಹಾಗಾದರೆ ನಮಗೆ ಬದನೆಯೇ ಇಲ್ಲವೇ? ಮನೆಯಲ್ಲಿ ಅತ್ತೆಗೆ ಬದನೆ ಇಲ್ಲದೆ ಆಗುವುದಿಲ್ಲ.

ಉತ್ತರ: ಇದೆ, ಎರಡು ದಾರಿ. ಒಂದು, ತಳಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ್ ಬದನೆಗಳು ಈ ರೋಗ ತಡೆಯಲೆಂದೇ ಬಂದವು. ಟೊಮೆಟೊದಲ್ಲಿ ಅರ್ಕಾ ರಕ್ಷಕ್. ತಡೆಯುತ್ತವೆ ಎಂದರೆ ಒಂದೂ ಸಾಯುವುದಿಲ್ಲ ಎಂದಲ್ಲ, ಹತ್ತರಲ್ಲಿ ಒಂದೆರಡು ಹೋದರೆ ಬೈಯಬೇಡಿ.

ಎರಡನೆಯದು, ನನಗೆ ಹೆಚ್ಚು ಇಷ್ಟದ್ದು: ಸುಂಡೆಗೆ ಕಸಿ. ರಸ್ತೆ ಬದಿ ಮುಳ್ಳುಮುಳ್ಳಾಗಿ ನಿಂತು ಗೊಂಚಲು ಕಾಯಿ ಬಿಡುವ ಸುಂಡೆಯ ಬೇರು ಈ ದುಂಡಾಣುವಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಸುಂಡೆ ಬೀಜ ಮೊಳೆಯುವುದು ನಿಧಾನ, ಬದನೆಗಿಂತ ಮೂರು-ನಾಲ್ಕು ವಾರ ಮೊದಲೇ ಹಾಕಿ. ಎರಡೂ ಪೆನ್ಸಿಲ್ ಕಡ್ಡಿಗಿಂತ ತೆಳ್ಳಗಿರುವಾಗ ಸುಂಡೆಯ ತಲೆ ಕೊಯ್ದು, ನಡುವೆ ಸೀಳಿ, ಬದನೆಯ ಕುಡಿಯನ್ನು ಬೆಣೆಯಂತೆ ಚೂಪು ಮಾಡಿ ಸಿಕ್ಕಿಸಿ ಕ್ಲಿಪ್ ಹಾಕಿ. ಒಂದು ವಾರ ನೆರಳಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇಡಿ. ನೆಡುವಾಗ ಕಸಿಯ ಗಂಟು ಮಣ್ಣಿಂದ ಮೇಲೆಯೇ ಇರಲಿ. ಗಂಟು ಹೂತರೆ ಬದನೆಯೇ ಬೇರು ಬಿಟ್ಟುಕೊಳ್ಳುತ್ತದೆ, ರೋಗಕ್ಕೆ ನೀವೇ ಬಾಗಿಲು ತೆರೆದ ಹಾಗೆ. ಬುಡದಿಂದ ಸುಂಡೆ ಚಿಗುರಿದರೆ ಚಿವುಟುತ್ತಿರಿ. ಇಲ್ಲದಿದ್ದರೆ ಅತ್ತೆಗೆ ಸುಂಡೆಕಾಯಿಯೇ ಗತಿ.

ಮತ್ತೆ ನೆಡುವ ಕಾಲ ಬದಲಿಸಿ. ಕುಮಟಾದವರು ಭತ್ತ ಕೊಯ್ದ ಮೇಲೆ ಗದ್ದೆಗೆ ಸಿಹಿ ಈರುಳ್ಳಿ ಇಳಿಸುವುದಿಲ್ಲವೇ? ಬದನೆ, ಟೊಮೆಟೊಗೂ ಹಾಗೆ ಮಳೆ ಬಿಟ್ಟ ಮೇಲೆಯೇ ಹದ. ಅಕ್ಟೋಬರ್ ಕೊನೆಗೆ, ಒಂದಡಿ ಎತ್ತರದ ಏರಿಯಲ್ಲಿ ನೆಡಿ. ಮಳೆಗಾಲವನ್ನು ಹೀರೆ, ಪಡವಲ, ಬಸಳೆಗೆ ಬಿಟ್ಟುಕೊಡಿ.

ಪ್ರಶ್ನೆ (ಅಂಕೋಲಾ): ನನ್ನ ಪಪ್ಪಾಯಿಯೂ ಬಾಡಿತು, ಅದೂ ಇದೇ ರೋಗವಾ?

ಉತ್ತರ: ಬುಡದಲ್ಲಿ ಎರಡು ದಿನ ನೀರು ನಿಂತಿತ್ತಾ? ಹಾಗಿದ್ದರೆ ಕಾಂಡದ ಬುಡ ಕೊಳೆತಿರಬೇಕು, ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿರುತ್ತದೆ. ಮುಂದಿನ ಗಿಡ ದಿಬ್ಬದ ಮೇಲೆ ಹಾಕಿ.

ಕೋಡಿಬಾಗ: ಉಳಿದ ಏಳು ಬದನೆ ಗಿಡದ ಕಾಯಿ ತಿನ್ನಬಹುದಾ?

ಉತ್ತರ: ಧಾರಾಳವಾಗಿ. ಇದು ಗಿಡದ ರೋಗ, ಮನುಷ್ಯರಿಗಲ್ಲ. ಆದರೆ ನೀವು ಎರಡು ಸಲ ಹೊಡೆದಿರಲ್ಲ, ಆ ಔಷಧಿಯ ಪೊಟ್ಟಣದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು ಬರೆದಿರುತ್ತದೆ. ಮೊದಲು ಅದನ್ನು ಓದಿ.