ಸ್ಲೀಪ್ ಅಪ್ನಿಯಾ: ಮೆಷಿನ್ ಹಾಕಿದ್ರೆ ಏನೇನು ಸರಿಹೋಗತ್ತೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ 47 ವರ್ಷ, ಲಾರಿ ಡ್ರೈವರ್. ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ 34 ಬಂತು. ಎಂಟು ಗಂಟೆ ಮಲಗಿದ್ರೂ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತೆತ್ತಿದ್ರೆ ಸಿಡುಕು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳ್ತಾರೆ, ಶುಗರ್ ಇಲ್ಲ. ಬಿಪಿ ಮಾತ್ರೆ ಎರಡು ನುಂಗಿದ್ರೂ ಇಳೀತಿಲ್ಲ. ಮಾಸ್ಕ್‌ನಿಂದ ಗಾಳಿ ಒತ್ತೋ ಸಿಪ್ಯಾಪ್ ಮೆಷಿನ್ ತಂದಿದೀವಿ, ಅರ್ಧ ರಾತ್ರಿಗೆ ಕಿತ್ತು ಹಾಕ್ತಾರೆ. ಎಲ್ಲಾ ಒಂದೇ ಕಾಯಿಲೆಯಿಂದಾನಾ?

ಉತ್ತರ (ಶ್ವಾಸಕೋಶ ತಜ್ಞರು): ಬಹುಪಾಲು ಹೌದಮ್ಮ. ಸ್ಲೀಪ್ ಅಪ್ನಿಯಾ ಅಂದ್ರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟೋ ಕಾಯಿಲೆ. ಎಎಚ್‌ಐ 34 ಅಂದ್ರೆ ನಿದ್ದೆಯಲ್ಲಿ ಗಂಟೆಗೆ ಅಷ್ಟು ಸಲ, ಕನಿಷ್ಠ 10 ಸೆಕೆಂಡ್ ಉಸಿರು ನಿಲ್ಲತ್ತೆ ಇಲ್ಲಾ ತಗ್ಗತ್ತೆ. 30 ದಾಟಿದ್ರೆ ತೀವ್ರ. ಪ್ರತಿ ಸಲವೂ ಮೆದುಳು ಅರೆಬರೆ ಎಚ್ಚರಾಗಿ ಗಂಟಲು ತೆರೆಸತ್ತೆ; ಅವರಿಗೆ ನೆನಪಿರಲ್ಲ, ಅದಕ್ಕೇ ‘ಚೆನ್ನಾಗೇ ಮಲಗಿದ್ದೆ’ ಅಂತಾರೆ.

ಮೂತ್ರದ ವಿಷಯ ಅನೇಕರಿಗೆ ಗೊತ್ತಿರಲ್ಲ. ಮುಚ್ಚಿದ ಗಂಟಲಿನೆದುರು ಎದೆ ಉಸಿರು ಜಗ್ಗಿದಾಗ ಹೃದಯದ ಮೇಲಿನ ಕೋಣೆ ಹಿಗ್ಗತ್ತೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ಹೃದಯ ಒಂದು ಹಾರ್ಮೋನ್ ಬಿಡತ್ತೆ, ಕಿಡ್ನಿ ಮೂತ್ರ ಹೆಚ್ಚಿಸತ್ತೆ. ಪ್ರಾಸ್ಟೇಟ್ ಮಾತ್ರೆ ತಿಂದರೂ ಗುಣ ಕಾಣದವರಲ್ಲಿ ಕೆಲವರ ಕಾರಣ ಇದೇ. ಬೆಳಗಿನ ತಲೆನೋವಿಗೆ ರಾತ್ರಿ ಏರಿದ ಇಂಗಾಲದ ಡೈಆಕ್ಸೈಡ್ ಒಂದು ಕಾರಣ. ಸಿಡುಕು, ಮರೆವು, ದಾಂಪತ್ಯದಲ್ಲಿ ನಿರಾಸಕ್ತಿಯೂ ಇದರ ಜೊತೆಗೇ ಬರ್ತವೆ. ಥೈರಾಯ್ಡ್ ಮಾತ್ರ ಒಮ್ಮೆ ನೋಡಿಸಿ.

‘ಹಾಕದಿದ್ರೆ ಹಾರ್ಟ್ ಅಟ್ಯಾಕ್’ ಅಂತ ಹೆದರಿಸಿ ಮೆಷಿನ್ ಮಾರೋರ ಮಾತು ಪೂರ್ತಿ ನಂಬಬೇಡಿ. 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನದಲ್ಲಿ ಮೊದಲೇ ಹೃದ್ರೋಗ ಅಥವಾ ಸ್ಟ್ರೋಕ್ ಇದ್ದ 2,700ಕ್ಕೂ ಹೆಚ್ಚು ಜನ ಇದ್ದರು. ಸಿಪ್ಯಾಪ್‌ನಿಂದ ಹೃದಯಾಘಾತ, ಸ್ಟ್ರೋಕ್ ಕಡಿಮೆಯಾಗಲಿಲ್ಲ. ಅವರು ಬಳಸಿದ್ದೂ ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಅಷ್ಟೇ. ಆದರೆ ತೂಕಡಿಕೆ ಇಳಿಯಿತು, ಮನಸ್ಸು ಹಗುರಾಯಿತು, ಜೀವನದ ಗುಣಮಟ್ಟ ಏರಿತು. ಬಿಪಿ ಸರಾಸರಿ ಎರಡು-ಮೂರು ಪಾಯಿಂಟ್ ಇಳಿಯಬಹುದು, ಮಾತ್ರೆ ನಿಲ್ಲಿಸಬೇಡಿ. ಮೆಷಿನ್ ಹಾಕಿಸೋದು ಹಗಲು ನೆಟ್ಟಗಾಗಲಿ ಅಂತ.

ಎಎಚ್‌ಐ 12 ಇದ್ದವರು ಹಗಲೆಲ್ಲ ನರಳೋದು, 40 ಇದ್ದವರು ಆರಾಮಾಗಿದೀನಿ ಅನ್ನೋದು ಎರಡೂ ಉಂಟು. ಹಾಗಾಗಿ ಎಪ್‌ವರ್ತ್ ಪ್ರಶ್ನಾವಳಿಯನ್ನೂ ತುಂಬಿಸಿ: ಎಂಟು ಸಂದರ್ಭಗಳಲ್ಲಿ ಎಷ್ಟು ತೂಕಡಿಕೆ ಬರತ್ತೆ ಅಂತ ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 10 ದಾಟಿದರೆ ತೂಕಡಿಕೆ ಮಿತಿ ಮೀರಿದೆ ಅಂತ. ಕೆಲಸ ಹೋಗತ್ತೆ ಅನ್ನೋ ಭಯಕ್ಕೆ ಡ್ರೈವರ್‌ಗಳು ಕಮ್ಮಿ ಬರೀತಾರೆ, ನೀವೂ ಬೇರೆಯಾಗಿ ತುಂಬಿ. ತೂಕಡಿಕೆ ಹೋಗೋವರೆಗೆ ಅವರು ಸ್ಟೇರಿಂಗ್ ಹಿಡಿಯಬಾರದು.

ಮರುಪ್ರಶ್ನೆ: ಗಾಳಿ ಕಣ್ಣಿಗೆ ಹೊಡೆಯತ್ತೆ, ಬಾಯಿ ಒಣಗತ್ತೆ ಅಂತಾರೆ. ಅರ್ಧ ರಾತ್ರಿ ಹಾಕಿದ್ರೆ ಸಾಲದಾ?

ಉತ್ತರ (ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್): ಸಾಲದು ಮೇಡಂ. ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವದ್ದು. ಆಗ ಗಂಟಲಿನ ಸ್ನಾಯು ಪೂರಾ ಸಡಿಲ, ಉಸಿರು ಕಟ್ಟೋದೂ ಆಗಲೇ ಜಾಸ್ತಿ. ಆ ಹೊತ್ತಿಗೆ ಮಾಸ್ಕ್ ಇಲ್ಲದಿದ್ರೆ ಕೆಟ್ಟ ಪಾಲು ಹಾಗೇ ಉಳಿಯತ್ತೆ.

ಕಣ್ಣಿಗೆ ಗಾಳಿ ಅಂದ್ರೆ ಮಾಸ್ಕ್ ಲೀಕ್. ಪಟ್ಟಿ ಬಿಗಿ ಮಾಡಿದಷ್ಟೂ ಸಿಲಿಕೋನ್ ಕುಶನ್ ಚಪ್ಪಟೆಯಾಗಿ ಇನ್ನೂ ಸೋರತ್ತೆ. ಮಲಗಿಸಿ, ಮೆಷಿನ್ ಆನ್ ಮಾಡಿ, ಮಾಸ್ಕ್ ಸ್ವಲ್ಪ ಮುಂದಕ್ಕೆಳೆದು ಬಿಡಿ, ಕುಶನ್ ಉಬ್ಬಿ ಕೂರಲಿ. ಆಮೇಲೆ ಪಟ್ಟಿ ಹೊಂದಿಸಿ, ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಕುಶನ್ ದಿನಾ ಸೌಮ್ಯ ಸೋಪಿನಲ್ಲಿ ತೊಳೀರಿ, ಮುಖದ ಜಿಡ್ಡಿಗೇ ಅದು ಜಾರತ್ತೆ. ಗಡ್ಡ ಇದ್ರೂ ಲೀಕ್ ಆಗತ್ತೆ.

ಬಾಯಿ ಒಣಗೋದು ಸಾಮಾನ್ಯವಾಗಿ ಬಾಯಿ ತೆರೆದುಕೊಂಡು ಗಾಳಿ ಹೋಗೋದರಿಂದ. ಮೂಗು ಕಟ್ಟಿದ್ರೆ ಮೊದಲು ಅದಕ್ಕೆ ಚಿಕಿತ್ಸೆ. ಆಗಲೂ ಬಾಯಿ ತೆರೆದ್ರೆ ಮೂಗು-ಬಾಯಿ ಎರಡೂ ಮುಚ್ಚೋ ಫುಲ್‌ಫೇಸ್ ಮಾಸ್ಕ್. ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್‌ಗೆ ಡಿಸ್ಟಿಲ್ಡ್ ನೀರೇ ಹಾಕಿ, ಬೋರ್‌ವೆಲ್ ನೀರಿಗೆ ತಳದಲ್ಲಿ ಬಿಳಿ ಪೊರೆ ಕಟ್ಟತ್ತೆ. ಉಸಿರು ಕಟ್ಟಿದ ಹಾಗಾದ್ರೆ ‘ರ‍್ಯಾಂಪ್’ ಹಾಕಿ: ಕಡಿಮೆ ಒತ್ತಡದಲ್ಲಿ ಶುರುವಾಗಿ ನಿದಾನಕ್ಕೆ ಏರತ್ತೆ. ಸಂಜೆ ಟಿವಿ ನೋಡ್ತಾ ಅರ್ಧ ಗಂಟೆ ಹಾಕಿ ಕೂರಲಿ, ಹೆದರಿಕೆ ಹೋಗತ್ತೆ.

ಲಾರಿಯಲ್ಲಿ ಮಲಗೋದಾದ್ರೆ ಅದೇ ಕಂಪನಿಯ ಡಿಸಿ ಅಡಾಪ್ಟರ್ ತಗೊಳ್ಳಿ, ಲಾರಿಯ 24 ವೋಲ್ಟ್‌ಗೆ ಆಗತ್ತಾ ಅಂತ ಕೇಳಿ. ಹ್ಯೂಮಿಡಿಫೈಯರ್ ಆಫ್ ಇರಲಿ, ಬ್ಯಾಟರಿ ಹೀರೋದು ಅದೇ. ಮಲಗೋ ಮುಂಚೆ ಮದ್ಯ ಕುಡಿಯೋದು ಬೇಡವೇ ಬೇಡ.

ಎರಡು ವಾರ ಆದ್ಮೇಲೆ ಮೆಷಿನ್‌ನ ಕಾರ್ಡ್ ತನ್ನಿ. ಬಳಸಿದ ಗಂಟೆ, ಲೀಕ್, ಉಳಿದ ಎಎಚ್‌ಐ ಎಲ್ಲ ಅದರಲ್ಲಿರತ್ತೆ. ಮೆಷಿನ್ ಹಾಕಿದಾಗಿನ ಎಎಚ್‌ಐ 5ಕ್ಕಿಂತ ಕೆಳಗೆ ಬಂದಿರದಿದ್ರೆ ಒತ್ತಡ ಬದಲಿಸೋಕೆ ಡಾಕ್ಟ್ರಿಗೆ ತೋರಿಸ್ತೀವಿ.