ಸೆಕೆಂಡ್ ಲೈಫ್‌ನಲ್ಲಿ ಯಕ್ಷಗಾನದ ಗೆಜ್ಜೆ: ಕುಣಿದರೆ ಸದ್ದಿಲ್ಲ, ಮೆನುವಿನಲ್ಲಿ ಬಬ್ರುವಾಹನ ಕೂರುತ್ತಿಲ್ಲ

ಪಡುಗಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಕೃತಕ ಲೋಕದಲ್ಲಿ ಸ್ಕ್ರಿಪ್ಟ್ (ವಸ್ತುಗಳನ್ನು ಆಡಿಸುವ ಪ್ರೋಗ್ರಾಂ) ಬರೆಯುವವರು ಇಲ್ಲಿ ಯಾರಾದರೂ ಇದ್ದೀರಾ?

ಅಪ್ಪನಿಗಾಗಿ ಅಲ್ಲಿ ಒಂದು ಜೋಡಿ ಗೆಜ್ಜೆ ಮಾಡಿದ್ದೇನೆ. ಅಪ್ಪ ಕುಂದಾಪುರದ ಕಡೆಯವರು, ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಹವ್ಯಾಸಿ ವೇಷಧಾರಿ. ಮಂಡಿ ಕುಣಿದು ಕುಣಿದು ಮೊಣಕಾಲು ಸವೆದಿದೆ. ಆರು ವರ್ಷದಿಂದ ಗೆಜ್ಜೆ ಕಟ್ಟಿಲ್ಲ. ನನಗೆ ಪ್ರೀಮಿಯಂ ಖಾತೆ ಇದೆ, ಅದರ ಜೊತೆ ಬರುವ 1024 ಚದರ ಮೀಟರ್ ಜಾಗದಲ್ಲಿ ಒಂದು ರಂಗಸ್ಥಳ ಕಟ್ಟಿದ್ದೇನೆ. ಅಪ್ಪ ಊರಿನಿಂದ, ನಾನು ಪುಣೆಯಿಂದ ವಾರಕ್ಕೆರಡು ರಾತ್ರಿ ಅಲ್ಲಿ ಸೇರುತ್ತೇವೆ. ಒಂದಷ್ಟು ಗೆಳೆಯರೂ ಬರುತ್ತಾರೆ. ಅಪ್ಪ ಮೈಕಿನಲ್ಲಿ ಅರ್ಥ (ಪಾತ್ರದ ಮಾತು) ಹೇಳುತ್ತಾರೆ, ಅವರ ಅವತಾರ (ಅಲ್ಲಿ ಅವರನ್ನು ತೋರಿಸುವ ಬೊಂಬೆ) ಕುಣಿಯುತ್ತದೆ.

ಮೊದಲ ಆವೃತ್ತಿಯ ಗೆಜ್ಜೆ ನಡೆದಾಗ ಮಾತ್ರ ಉಲಿಯುತ್ತಿತ್ತು. ಸ್ಕ್ರಿಪ್ಟ್ ರೀಸೆಟ್ ಆದರೆ ಸೆಟ್ಟಿಂಗ್ ಎಲ್ಲಾ ಹೋಗುತ್ತಿತ್ತು. ಈಗ ಎರಡನೆಯದು ಮಾಡುತ್ತಿದ್ದೇನೆ. ಪಾತ್ರ, ಸದ್ದಿನ ಮಟ್ಟ, ಎಲ್ಲವನ್ನೂ ಲಿಂಕ್‌ಸೆಟ್ ಡೇಟಾದಲ್ಲಿ (ವಸ್ತುವಿನೊಳಗಿನ ಸಂಗ್ರಹ) ಇಟ್ಟಿದ್ದೇನೆ. 128 ಕೆಬಿ ಜಾಗ ಇದೆ, ರೀಸೆಟ್ ಮಾಡಿದರೂ ಅಳಿಯುವುದಿಲ್ಲ. ಇದೊಂದರಿಂದಲೇ ಅಪ್ಪನ ಅರ್ಧ ಗೋಳು ತಪ್ಪಿತು. ಸದ್ದು ಅವರದೇ ಹಳೆಯ ಗೆಜ್ಜೆಯದು. ಅಟ್ಟದಿಂದ ಇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಹಿತ್ತಾಳೆಗೆ, ಬೆಳಕಿಗೆ ನಿಜದ ಹಾಗೆ ಹೊಳೆಯುವ ಪಿಬಿಆರ್ ಮೆಟೀರಿಯಲ್ ಹಾಕಿದೆ. ಅಪ್ಪ ನೋಡಿ, "ಇಷ್ಟು ಹೊಳಪು ಬೇಡ ಮಗಾ, ಇದು ಬಂಗಾರದ ಅಂಗಡಿಯ ಹಾಗೆ ಕಾಣ್ತದೆ" ಅಂದರು. ಒರಟುತನ ಹೆಚ್ಚಿಸಿದ ಮೇಲೆ ಒಪ್ಪಿದರು.

ಈಗ ಎರಡು ತೊಂದರೆ.

ಒಂದು, ನಡೆದರೆ ಓಡಿದರೆ ಗೆಜ್ಜೆ ಉಲಿಯುತ್ತದೆ. ಕುಣಿದರೆ ಸುಮ್ಮನಿರುತ್ತದೆ! ಅವತಾರದ ಸ್ಥಿತಿ ತಿಳಿಯಲು ಎಲ್‌ಎಲ್‌ಗೆಟ್‌ಅನಿಮೇಷನ್ ಎಂಬ ಫಂಕ್ಷನ್ ಬಳಸುತ್ತಿದ್ದೇನೆ. ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗಲೂ ಅದು 'ನಿಂತಿದ್ದಾನೆ' ಎಂದೇ ಹೇಳುತ್ತದೆ. ಕುಣಿತದ ಅನಿಮೇಷನ್‌ಗಳೆಲ್ಲ ನಾನೇ ಮಾಡಿದ್ದು.

ಎರಡು, ಪಾತ್ರ ಆರಿಸುವ ಮೆನು ಕನ್ನಡದಲ್ಲೇ ಇರಬೇಕು. ಅಪ್ಪ ಇಂಗ್ಲಿಷ್ ಓದುವುದು ನಿಧಾನ. ಬಟನ್‌ನಲ್ಲಿ ಅರ್ಜುನ, ಅಭಿಮನ್ಯು ಕೂರುತ್ತಾರೆ. ಬಬ್ರುವಾಹನ ಸೇರಿಸಿದ ಕೂಡಲೇ ದೋಷ ಬಂದು ಮೆನುವೇ ತೆರೆಯುವುದಿಲ್ಲ. ಅಪ್ಪನಿಗೆ ಊರಲ್ಲಿ ಹೆಸರು ತಂದ ವೇಷ ಅದು. ಅದನ್ನು ಬಿಟ್ಟು ಈ ಗೆಜ್ಜೆ ಮಾಡಿ ಏನು ಪ್ರಯೋಜನ ಹೇಳಿ.

ಗುಂಡುಪಿನ್ನು ಬರೆದದ್ದು:

ಮೊದಲು ಎರಡನೆಯದಕ್ಕೆ ಉತ್ತರ. ಬಟನ್‌ಗೆ 24 ಬೈಟ್ ಮಿತಿ. ಅಕ್ಷರ ಅಲ್ಲ, ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಬೈಟ್ ಆಗಿಸುವ ಕ್ರಮ) 3 ಬೈಟ್ ಬೇಕು. ಗುಣಿತ, ಒತ್ತಿಗೆ ಬರುವ ಹಲಂತ, ಎಲ್ಲ ಬೇರೆ ಬೇರೆ ಲೆಕ್ಕ. ಅಭಿಮನ್ಯು ಅಂದರೆ 8 ಚಿಹ್ನೆ, ಸರಿಯಾಗಿ 24 ಬೈಟ್. ಅಂಚಿನಲ್ಲಿ ಪಾರಾಗಿದ್ದಾನೆ. ಬಬ್ರುವಾಹನ 9 ಚಿಹ್ನೆ, 27 ಬೈಟ್.

ಬಟನ್‌ಗಳಲ್ಲಿ 1, 2, 3 ಅಂತ ಬರೀ ಅಂಕಿ ಇಟ್ಟು, ಹೆಸರುಗಳನ್ನು ಮೇಲಿನ ಸಂದೇಶದಲ್ಲಿ ಬರೆಯಬಹುದು. ಅಲ್ಲಿ 512 ಬೈಟ್‌ವರೆಗೆ ಜಾಗ ಇದೆ. ಆದರೆ ನಿಮ್ಮ ಅಪ್ಪನಿಗೆ ಅದನ್ನು ಮಾಡಬೇಡಿ ಅಂತಲೇ ಹೇಳುತ್ತೇನೆ. ವ್ಯೂವರ್‌ನಲ್ಲಿ (ಸೆಕೆಂಡ್ ಲೈಫ್ ತೋರಿಸುವ ತಂತ್ರಾಂಶ) ನಮ್ಮ ಒತ್ತಕ್ಷರ ಕೂಡುವುದಿಲ್ಲ, ಬಿಡಿಬಿಡಿಯಾಗಿ ಬೀಳುತ್ತದೆ. ನೀವೂ ನೋಡಿರುತ್ತೀರಿ ಅಲ್ವಾ? ವಯಸ್ಸಾದವರಿಗೆ ಅದನ್ನು ಓದುವುದು ಹಿಂಸೆ.

ಹೆಸರುಗಳನ್ನು ಚಿತ್ರವಾಗಿ ಮಾಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಒಳ್ಳೆಯ ಕನ್ನಡ ಫಾಂಟ್‌ನಲ್ಲಿ ದೊಡ್ಡದಾಗಿ ಬರೆದು, ಒಂದೇ ಟೆಕ್ಸ್ಚರ್ (ವಸ್ತುವಿನ ಮೈಗೆ ಅಂಟಿಸುವ ಚಿತ್ರ) ಆಗಿ ಏರಿಸಿ, ಹಡ್ (ತೊಟ್ಟವರ ಪರದೆಯಲ್ಲಿ ಮಾತ್ರ ಕಾಣುವ ಫಲಕ) ಮೇಲೆ ಅಂಟಿಸಿ. ಎಲ್ಲಿ ಒತ್ತಿದರು ಅನ್ನುವುದನ್ನು ಎಲ್‌ಎಲ್‌ಡಿಟೆಕ್ಟೆಡ್‌ಟಚ್‌ಯುವಿ ಫಂಕ್ಷನ್ ಹೇಳುತ್ತದೆ. ಹೆಸರು ಎಷ್ಟು ಉದ್ದ ಇದ್ದರೂ ಚಿಂತೆ ಇಲ್ಲ. ತಲೆಯ ಮೇಲೆ ತೇಲುವ ಹೆಸರಿಗೂ ಇದೇ ದಾರಿ, ಒಂದು ಸಣ್ಣ ಪ್ರಿಮ್ (ಅಲ್ಲಿ ವಸ್ತು ಕಟ್ಟುವ ಮೂಲ ತುಂಡು) ಸಾಕು.

ಪಡುಗಾಳಿ:

ಬೈಟ್ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಅಭಿಮನ್ಯು ಬಂದ, ಇವನೇಕೆ ಬರುವುದಿಲ್ಲ ಅಂತ ಎರಡು ರಾತ್ರಿ ಕೂತಿದ್ದೆ. ಇವತ್ತೇ ಚಿತ್ರ ಬರೆಯಲು ಕೂರುತ್ತೇನೆ.

ಇಳಿಸಂಜೆ ಬರೆದದ್ದು:

ಕುಣಿತದ ವಿಷಯ. ನೀವು ಕೇಳುತ್ತಿರುವ ಫಂಕ್ಷನ್ ಮೂಲ ಸ್ಥಿತಿಯನ್ನು ಮಾತ್ರ ಹೇಳುತ್ತದೆ: ನಡಿಗೆ, ಓಟ, ನಿಲ್ಲುವುದು, ಹೀಗೆ. ಹೊರಗಿನಿಂದ ಹಾಕಿದ ಕುಣಿತ ಅದಕ್ಕೆ ಕಾಣುವುದಿಲ್ಲ. ಎಲ್‌ಎಲ್‌ಗೆಟ್‌ಅನಿಮೇಷನ್‌ಲಿಸ್ಟ್ ಕೇಳಿದರೆ ಆಗ ಓಡುತ್ತಿರುವ ಎಲ್ಲ ಅನಿಮೇಷನ್‌ಗಳ ಕೀ (ಗುರುತಿನ ಸಂಕೇತ) ಸಿಗುತ್ತದೆ. ಆದರೆ ಅದಕ್ಕೆ ಟೈಮರ್ ಇಟ್ಟು ಮತ್ತೆ ಮತ್ತೆ ಕೇಳುತ್ತಿರಬೇಕು. ಎರಡು ಕಾಲು, ಹತ್ತು ಜನ ಅಂದರೆ ಸುಮ್ನೆ ಹೊರೆ.

ಹಡ್ ಹೇಗೂ ಮಾಡುತ್ತೀರಲ್ಲ, ಕುಣಿತವನ್ನು ಅದರಿಂದಲೇ ಶುರು ಮಾಡಿ. ಮೈಗೆ ತೊಟ್ಟ ವಸ್ತುವಿಗೆ ಅನಿಮೇಷನ್ ಅನುಮತಿ ಕೇಳಿದ ಕೂಡಲೇ ಸಿಗುತ್ತದೆ. ಹಡ್ 'ದಿಗಿಣ' ಶುರು ಮಾಡುವಾಗಲೇ ಎಲ್‌ಎಲ್‌ರೀಜನ್‌ಸೇಟು ಬಳಸಿ ಅಪ್ಪನ ಅವತಾರಕ್ಕೆ ಋಣ ಚಾನೆಲ್‌ನಲ್ಲಿ (ಸೊನ್ನೆಗಿಂತ ಕೆಳಗಿನ ಸಂಖ್ಯೆಯದು, ಚಾಟ್‌ನಲ್ಲಿ ಕಾಣದು) ಒಂದು ಮಾತು ಕಳಿಸಲಿ. ಅವತಾರಕ್ಕೆ ಕಳಿಸಿದ್ದನ್ನು ಅದು ತೊಟ್ಟಿರುವ ವಸ್ತುಗಳು ಕೇಳಿಸಿಕೊಳ್ಳುತ್ತವೆ. ಎರಡೂ ಗೆಜ್ಜೆಗೆ ಒಂದೇ ಸಲ ತಲುಪಿತು. ಚಾನೆಲ್ ಸಂಖ್ಯೆಯನ್ನು ಮಾಲೀಕರ ಕೀಯಿಂದ ಲೆಕ್ಕ ಹಾಕಿ. ಎಲ್ಲರಿಗೂ ಒಂದೇ ಇಟ್ಟರೆ ಗುರುತಿಲ್ಲದ ಮಾತೂ ಒಳಗೆ ಬರುತ್ತದೆ. ಚಾನೆಲ್ 0, ಅಂದರೆ ಎಲ್ಲರ ಚಾಟ್, ಕೇಳುವುದಂತೂ ಬೇಡ.

ಇನ್ನೊಂದು. ಹೆಜ್ಜೆಗೊಂದು ಸದ್ದು ಬಾರಿಸಲು ಹೋಗಬೇಡಿ. ಜಾಲದ ತಡದಲ್ಲಿ ತಾಳ ತಪ್ಪೇ ತಪ್ಪುತ್ತದೆ. ಒಂದು ಆವರ್ತನದ ಹೆಜ್ಜೆಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿ, ಒಂದೇ ತುಣುಕಾಗಿ ಅನಿಮೇಷನ್ ಜೊತೆ ಬಿಡಿ. ಮೊದಲೇ ಪ್ರೀಲೋಡ್ ಮಾಡಿ, ಇಲ್ಲದಿದ್ದರೆ ನೋಡುವವರಿಗೆ ಮೊದಲ ಸದ್ದು ತಡವಾಗಿ ಕೇಳುತ್ತದೆ.

ಚೌಕಿಮನೆ ಬರೆದದ್ದು:

ನನಗೆ ಸ್ಕ್ರಿಪ್ಟ್ ಗೊತ್ತಿಲ್ಲ. ಆಟ ನೋಡಿ ಬೆಳೆದವನು. ದಿಗಿಣದಲ್ಲಿ ಕಾಲು ನೆಲ ಮುಟ್ಟಿದಾಗ ಗೆಜ್ಜೆ ಝಲ್ ಅನ್ನಬೇಕು, ಹಾರುವಾಗ ಅಲ್ಲ. ಅರ್ಥ ಹೇಳುತ್ತಾ ನಿಂತಾಗ ಪೂರ್ತಿ ಮೌನವೂ ಸರಿಯಲ್ಲ. ವೇಷಧಾರಿ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾನೆ, ಆಗ ನಾಲ್ಕೈದು ಗೆಜ್ಜೆ ಮೆಲ್ಲಗೆ ಅಲುಗುತ್ತವೆ. ಆ ಸಣ್ಣ ಸದ್ದು ಕೇಳಿದರೆ ನಿಮ್ಮ ಅಪ್ಪನಿಗೆ ಗೊತ್ತಾಗುತ್ತದೆ.

ಪಡುಗಾಳಿ:

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಡ್ ಆಯಿತು. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಒಂಬತ್ತು ಪಾತ್ರ. ಬಬ್ರುವಾಹನನನ್ನು ಮೇಲಿನ ಸಾಲಿನಲ್ಲೇ ಇಟ್ಟೆ. ಕುಣಿತದ ಸಂದೇಶ ಎರಡೂ ಕಾಲಿಗೆ ಸರಿಯಾಗಿ ಹೋಗುತ್ತಿದೆ. ಕುಣಿತ ತಿಳಿಯಲು ಟೈಮರ್ ಬೇಕಾಗಲಿಲ್ಲ.

ಚೌಕಿಮನೆಯವರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತೇ ಗೆಜ್ಜೆ ಕಟ್ಟಿಕೊಂಡು, ಬರೀ ಪಾದ ಅಲುಗಿಸಿ, ಮೂರು ಬಗೆಯ ಸಣ್ಣ ಸದ್ದು ಕಳಿಸಿದರು. ಈಗ ನಿಂತಾಗ 7ರಿಂದ 15 ಸೆಕೆಂಡಿನ ಒಳಗೆ ಯಾವಾಗಲಾದರೂ ಅದರಲ್ಲೊಂದು ಬರುತ್ತದೆ. ನಿನ್ನೆ ರಾತ್ರಿ ಅರ್ಥ ಹೇಳುತ್ತಿದ್ದವರು ಆ ಸದ್ದು ಕೇಳಿ ಒಂದು ಕ್ಷಣ ಮಾತು ನಿಲ್ಲಿಸಿದರು. ಆಮೇಲೆ ಮುಂದುವರಿಸಿದರು.

ದಿಗಿಣ ಇನ್ನೂ ಸರಿಯಾಗಿಲ್ಲ. ಕಾಲು ಊರುವ ಮೊದಲೇ ಸದ್ದು ಬರುತ್ತಿದೆ. ತುಣುಕಿನ ಆರಂಭಕ್ಕೆ 0.4 ಸೆಕೆಂಡ್ ಮೌನ ಸೇರಿಸಿ ನೋಡುತ್ತೇನೆ.